ಹಿತ್ತಲ ಚಪ್ಪರಕ್ಕೆ ಸಿಮೆಂಟ್ ಕಂಬ

ಹೊಸನಗರ
೧೯ ಫೆಬ್ರವರಿ ೧೯೮೩, ಶನಿವಾರ

ಸಿಂಧನೂರಿನಲ್ಲಿರುವ ನಮ್ಮನೆಯವರಿಗೆ ಜಲಜ ಮಾಡುವ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಅಲ್ಲಿಯ ಬಿಸಿಲಿಗೆ ಮತ್ತೆ ಮೂಗಿನಲ್ಲಿ ರಕ್ತ ಬರಲಿಲ್ಲ ತಾನೆ? ಕೊತ್ತಂಬರಿ ಕಷಾಯ ಬಿಡಬೇಡಿ, ಬರಿಹೊಟ್ಟೆಯಲ್ಲಿ ಕಾಲುವೆ ಕೆಲಸಕ್ಕೆ ಹೋಗಿ ನಿಲ್ಲಬೇಡಿ. ಇಷ್ಟು ಕೇಳಬೇಕಾದದ್ದು ನನ್ನ ಧರ್ಮ, ಕೇಳಿದ್ದಾಯಿತು. ಇನ್ನು ಮುಂದಿನದೆಲ್ಲ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಕೂತುಕೊಂಡು ಓದಿ.

ಹಿತ್ತಲ ಚಪ್ಪರದ ವಿಷಯ. ಹೋದ ತಿಂಗಳು ನೀವೇ ಕಾಗದ ಬರೆದು ಕೇಳಿದಿರಿ, ಕಂಬಗಳಿಗೆ ಗೆದ್ದಲು ಹಿಡಿದಿದೆಯಂತಲ್ಲ, ಮತ್ತೆ ಮರವನ್ನೇ ನಿಲ್ಲಿಸುವುದೋ ಸಿಮೆಂಟಿನದು ಹಾಕಿಸುವುದೋ, ನಿನ್ನ ಅಭಿಪ್ರಾಯ ತಿಳಿಸು ಅಂತ. ಮದುವೆಯಾದ ಮೇಲೆ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು ಅಂತ ನಾನೂ ಹಿಗ್ಗಿ ಎರಡು ಪುಟ ಬರೆದೆ. ಗೆದ್ದಲು ತಿಂದದ್ದು ಬಾವಿ ಕಡೆಯ ಎರಡು ಕಂಬ ಮಾತ್ರ, ಅವನ್ನು ಬದಲಾಯಿಸಿ ಬುಡಕ್ಕೆ ಗೇರೆಣ್ಣೆ ಬಳಿದರೆ ಸಾಕು, ಉಳಿದವನ್ನು ಮುಟ್ಟಬೇಡಿ, ಅತ್ತೆಗೆ ಅವು ಬೇಕು ಅಂತ ಬಿಡಿಸಿ ಬಿಡಿಸಿ ಹೇಳಿದೆ. "ವಿಚಾರ ತಿಳಿಯಿತು" ಅಂತ ನಿಮ್ಮ ಉತ್ತರವೂ ಬಂತು. ಏನು ತಿಳಿಯಿತು ಸ್ವಾಮಿ? ತಂಗಿಯ ಬಾಣಂತನ ಅಂತ ಅತ್ತೆಯನ್ನು ಪಕ್ಕದ ಮನೆ ಪುಷ್ಪಮ್ಮನಿಗೆ ಒಪ್ಪಿಸಿ ನಾನು ಸಾಗರಕ್ಕೆ ಹೋಗಿ ಬರುವಷ್ಟರಲ್ಲಿ ನಿಮ್ಮ ಗೆಳೆಯ ನಾಗರಾಜಪ್ಪ ನಿಮ್ಮ ಚೀಟಿ ಹಿಡಿದುಕೊಂಡು ಬಂದು, ಇದ್ದ ಕಂಬವನ್ನೆಲ್ಲ ಕಿತ್ತು, ತನ್ನ ಅಚ್ಚಿನಲ್ಲಿ ಹೊಯ್ದ ಕಂಬಗಳನ್ನು ಸಾಲಾಗಿ ನೆಟ್ಟು ಹೋಗಿದ್ದಾನೆ. ನೀವು ಮೊದಲೇ ತೀರ್ಮಾನ ಮಾಡಿದ್ದರೆ ನನ್ನನ್ನು ಕೇಳುವ ನಾಟಕ ಯಾಕೆ ಬೇಕಿತ್ತು?

ಆ ಕಂಬಗಳು ಎಲ್ಲಿಂದ ಬಂದವು ಅಂತ ಸೊಸೆಯಾಗಿ ಬಂದ ನಾನು ಮಗನಿಗೆ ನೆನಪು ಮಾಡಬೇಕೆ? ಬ್ಯಾಕೋಡಿನ ಹತ್ತಿರದ ನಿಮ್ಮ ಮನೆ ಅಣೆಕಟ್ಟಿನ ಮುಳುಗಡೆಗೆ ಹೋಯಿತಲ್ಲ, ಆಗ ಮಾವ ಹೆಂಚು ಇಳಿಸಿ, ಮನೆ ಬಿಚ್ಚಿ, ಲಾರಿಯಲ್ಲಿ ಹೇರಿಕೊಂಡು ಬಂದದ್ದು ಅವು. ಅಡುಗೆಮನೆ ಬಾಗಿಲಲ್ಲಿ ಆ ಮನೆಯ ಜಗಲಿಯ ಕಂಬ, ಅದರಲ್ಲಿ ಕೆತ್ತಿದ ಬಳ್ಳಿ ಇತ್ತು. ಆಮೇಲೆ ಕಣಜದ್ದು, ಅದಕ್ಕೆ ಹಲಗೆ ಕೂರಿಸಲು ಉದ್ದಕ್ಕೆ ಕೊರೆದ ಸೀಳು. ಬಚ್ಚಲಿಗೆ ತಿರುಗುವಲ್ಲಿ ಕೊಟ್ಟಿಗೆಯ ಕಂಬ, ದನಗಳು ಮೈ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ನುಣ್ಣಗಾಗಿತ್ತು. ಅತ್ತೆಯ ಕಣ್ಣಿನ ನರವೇ ಸತ್ತಿದೆ, ಆಪರೇಷನ್ ಮಾಡಿದರೂ ಉಪಯೋಗವಿಲ್ಲ ಅಂತ ತೀರ್ಥಹಳ್ಳಿಯ ಡಾಕ್ಟರು ಹೇಳಿದಾಗ ಪಕ್ಕದಲ್ಲಿ ನಿಂತಿದ್ದವರು ನೀವೇ ಅಲ್ಲವೆ? ಅವತ್ತಿನಿಂದ ಅವರಿಗೆ ಕಣ್ಣು ಅಂದರೆ ಆ ಕಂಬಗಳು. "ಇದು ಜಗಲಿದು, ಇದು ಕಣಜದ್ದು, ಕೊಟ್ಟಿಗೆದು ಸಿಕ್ತಾ, ಬಲಕ್ಕೆ ತಿರುಗ್ಬೇಕು" ಅಂತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ ಒಬ್ಬರೇ ಹೋಗಿ ಬರುತ್ತಿದ್ದರು. ಬಚ್ಚಲಿಗೆ, ಕಕ್ಕಸಿಗೆ ಒಂದು ದಿನವೂ ಯಾರ ಕೈಯನ್ನೂ ಹಿಡಿದವರಲ್ಲ. ಬಸಳೆ ಸೊಪ್ಪು ತಾವೇ ತಡವಿ ಕೊಯ್ದು ತಂದು, ಬಲಿತದ್ದನ್ನು ತಂದಿರಿ ಅಂತ ನಾನು ಅಂದರೆ ನನ್ನನ್ನೇ ಬೈಯುತ್ತಿದ್ದರು.

ನಾನು ಊರಿಂದ ಬಂದ ಮಾರನೆಯ ದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಹಿತ್ತಲಿಂದ ಅತ್ತೆಯ ಕೂಗು. ಹೋಗಿ ನೋಡಿದರೆ ಗೊಬ್ಬರಗುಂಡಿಯ ಅಂಚಿನಲ್ಲಿ ಕೊನೆಯ ಸಿಮೆಂಟ್ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದಾರೆ, ಮೊಣಕಾಲಿನ ಕೆಳಗೆ ತರಚಿ ರಕ್ತ. "ಜಲಜಾ, ನಾ ಎಲ್ಲಿದೀನೇ?" ಅಂದರು. ತಮ್ಮ ಹಿತ್ತಲಲ್ಲಿ ನಿಂತು ನಾನು ಎಲ್ಲಿದ್ದೇನೆ ಅಂತ ಕೇಳಿದರು ರೀ. ಎಲ್ಲ ಒಂದೇ ಅಚ್ಚು, ಒಂದೇ ದಪ್ಪ, ಎಲ್ಲಿ ತಿರುಗಬೇಕು ಅಂತ ಆ ಕೈಗೆ ಹೇಗೆ ಗೊತ್ತಾಗಬೇಕು? ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಿಮ್ಮ ಮೇಲೆ ಸಿಟ್ಟು ಬಂತು. ಅದು ಇನ್ನೂ ಇಳಿದಿಲ್ಲ.

ನಾಗರಾಜಪ್ಪನನ್ನು ಕರೆಸಿ ಕೇಳಿದೆ. "ಅಕ್ಕಾ, ನೂರು ವರ್ಷ ಅಲ್ಲಾಡಲ್ಲ ನೋಡಿ, ಸಾಹೇಬ್ರು ಹೇಳಿದ್ಮೇಲೆ ಮುಗೀತು" ಅಂತ ಕಂಬದ ಬೆನ್ನು ತಟ್ಟಿದ. ಅವನ ತಲೆಗೇ ಕುಟ್ಟಬೇಕು ಅನ್ನಿಸಿತು. ಅಲ್ಲಾಡದಿದ್ದರೆ ಯಾರಿಗೆ ಏನಾಗಬೇಕು? ಮಧ್ಯಾಹ್ನದ ಹೊತ್ತು ಕೈ ಇಟ್ಟರೆ ಚುರ್ ಅನ್ನುತ್ತದೆ, ಬಸಳೆ ಬಳ್ಳಿ ತಾಗಿದಲ್ಲೆಲ್ಲ ಸುಟ್ಟು ಕಪ್ಪಾಗಿದೆ. ಸಾಲದ್ದಕ್ಕೆ ಉಪಕಾರ ಮಾಡುತ್ತೇನೆ ಅಂತ ಕೊಟ್ಟಿಗೆಯ ಕಂಬವನ್ನು ತುಂಡು ಮಾಡಿಸಿ ಬಚ್ಚಲೊಲೆಯ ಮುಂದೆ ಒಟ್ಟಿ ಹೋಗಿದ್ದಾನೆ. ಪುಷ್ಪಮ್ಮ ಪಾಪ ಗೊತ್ತಿಲ್ಲದೆ ಅದನ್ನೇ ಉರಿಸಿ ಅತ್ತೆಗೆ ನೀರು ಕಾಯಿಸಿದ್ದಾಳೆ. ಅತ್ತೆಗೆ ನಾನು ಇದನ್ನು ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ, ನೀವೇ ಬಂದು ಹೇಳಿ.

ಹಗ್ಗ ಕಟ್ಟು ಅಂತ ನೀವು ಬರೆಯುತ್ತೀರಿ, ನನಗೆ ಗೊತ್ತು. ಕಟ್ಟಿದೆ. "ನಾನೇನು ಎಮ್ಮೆಕರುವಾ, ಹಗ್ಗ ಹಿಡ್ಕಂಡು ಹೋಗಕ್ಕೆ?" ಅಂತ ಕಿತ್ತು ಬಿಸಾಡಿದರು. ಕಂಬಕ್ಕೊಂದು ಬಟ್ಟೆ ಸುತ್ತಿದೆ, ಅದನ್ನೂ ಬಿಚ್ಚಿದರು. ನಾನು ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ, ನನಗೇನೂ ಬೇಸರವಿಲ್ಲ. ಆದರೆ ಬಚ್ಚಲ ಬಾಗಿಲಲ್ಲಿ ನಾನು ಕಾಯುತ್ತ ನಿಂತಾಗ ಅವರು ಮುಖ ಆ ಕಡೆ ತಿರುಗಿಸುತ್ತಾರಲ್ಲ, ಅದನ್ನು ನೀವು ನೋಡಬೇಕಿತ್ತು. ಅಷ್ಟು ದೂರ ಕೂತು ಚೀಟಿ ಕೊಟ್ಟವರಿಗೆ ಅದೆಲ್ಲ ಎಲ್ಲಿ ಕಾಣುತ್ತದೆ.

ಉಳಿದ ಮರದ ಕಂಬಗಳು ಗೋಡೆಗೆ ಒರಗಿ ನಿಂತಿವೆ. ಬಡಗಿ ಭೂತಪ್ಪನಿಗೆ ಹೇಳಿದ್ದೇನೆ, ಸೋಮವಾರ ಹಾರೆ ತಂದು ಸಿಮೆಂಟ್ ಕಂಬ ಕೀಳುತ್ತಾನೆ. ಇದು ನಿಮ್ಮ ಒಪ್ಪಿಗೆ ಕೇಳಿ ಬರೆದ ಕಾಗದವಲ್ಲ, ತಿಳಿಸಿ ಬರೆದದ್ದು. ನಾಗರಾಜಪ್ಪನಿಗೆ ಬೇಜಾರಾದರೆ ಆಗಲಿ, ಅವನ ಕಂಬ ಅವನ ಹಿತ್ತಲಲ್ಲೇ ನೂರು ವರ್ಷ ನಿಲ್ಲಲಿ. ಕೊಟ್ಟಿಗೆಯ ಕಂಬದ ಜಾಗಕ್ಕೆ ಏನು ನೆಡುವುದು ಅಂತ ಮಾತ್ರ ನನಗೆ ತಿಳಿಯುತ್ತಿಲ್ಲ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಈ ಕಾಗದದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿಲ್ಲ. "ಚಪ್ಪರ ಚೆನ್ನಾಗಿ ಆಗ್ಯದೆ ಅಂತ ಬರಿಯೇ, ಮಗ ಆಸೆಪಟ್ಟು ಹಾಕ್ಸಿದ್ದು" ಅಂದರು. ಬರೆದಿದ್ದೇನೆ. ದೇಹ ನೋಡಿಕೊಳ್ಳಿ.

ಇಂತಿ, ಸಿಟ್ಟಿನಲ್ಲೇ ಇರುವ,
ಜಲಜ

ತಾ.ಕ.: ಕವರು ಅಂಟಿಸಿದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅತ್ತೆಯ ತುಟಿ ಒಡೆದು ರಕ್ತ ಬರುತ್ತಿತ್ತು, ಸೆಕೆಗೆ ಇರಬೇಕು ಅಂತ ತುಪ್ಪ ಸವರಲು ಹೋದೆ. ಅವರ ಚೊಂಬು ನಿನ್ನೆ ತುಂಬಿಟ್ಟ ಹಾಗೇ ಇದೆ. ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟರು: "ನೀರು ಕುಡುದ್ರೆ ಹೊರಗೆ ಹೋಗ್ಬೇಕಾಗ್ತದಲ್ಲೇ. ಪ್ರತೀ ಸಲ ನಿನ್ನ ಹೆಂಗೆ ಕರೀಲಿ?" ಆ ಕಂಬ ನೆಟ್ಟ ದಿನದಿಂದ ಒಂದೆರಡು ಗುಟುಕಿನಲ್ಲೇ ಹೀಗೇ ಇದ್ದಾರಂತೆ. ರಜೆ ಸಿಗುತ್ತದೋ ಇಲ್ಲವೋ ನನಗೆ ಬೇಡ, ಈ ಕಾಗದ ಕೈಗೆ ಸಿಕ್ಕ ದಿನವೇ ಬಸ್ಸು ಹತ್ತಿ. ನನ್ನ ಕೈಯಿಂದ ಅವರು ಕುಡಿಯುತ್ತಿಲ್ಲ.