ಹದಿನೈದು ಶನಿವಾರ

ಶನಿವಾರ, ೧೪ ಸೆಪ್ಟೆಂಬರ್ ೧೯೭೪

ಎರಡನೆಯ ತರಗತಿ. ಒಂಬತ್ತಕ್ಕೆ ಐದು ನಿಮಿಷವಿರುವಾಗಲೇ ಹೋಗಿ ಕುಳಿತೆ. ಇಲ್ಲಿನ, ಮಿಶಿಗನ್ನಿನ, ಕಮ್ಯುನಿಟಿ ಕಾಲೇಜು. ಕಟ್ಟಡಕ್ಕೆ ಇನ್ನೂ ಬಣ್ಣದ ವಾಸನೆ; ಕಿಟಕಿಯಾಚೆ ಮೆಕ್ಕೆಜೋಳದ ಹೊಲ. ಪಾಠದ ಹೆಸರು 'ಮೇಲ್ವಿಚಾರಣೆಗೆ ಪ್ರವೇಶ'. ಹತ್ತೊಂಬತ್ತು ಜನ — ಫೋರ್‌ಮನ್‌ಗಳು, ಒಬ್ಬ ಕಿರಾಣಿ ಅಂಗಡಿಯ ಮ್ಯಾನೇಜರ್, ಇಬ್ಬರು ಆಫೀಸಿನ ಹೆಂಗಸರು. ಮತ್ತು ನಾನು, ಫೌಂಡ್ರಿಯ ಲ್ಯಾಬಿನಲ್ಲಿ ಲೋಹ ಪರೀಕ್ಷಿಸುವವನು, ಯಾರ ಮೇಲ್ವಿಚಾರಣೆಯನ್ನೂ ಬಯಸದವನು. ಮತ್ತು ರೇ ನೊವಾಕ್.

ಕಾರಣವನ್ನು ಒಮ್ಮೆ ಸ್ಪಷ್ಟವಾಗಿ ಬರೆದಿಡಬೇಕು. ಹೋದ ವರ್ಷ ಜುಲೈ ಹದಿನೆಂಟರಂದು ನನ್ನ ಮಗ ಕಲ್ಲಿನಾಥ, ವಯಸ್ಸು ಹತ್ತೊಂಬತ್ತು, ರಜೆಯ ಕೆಲಸಕ್ಕೆಂದು ಸೇರಿದ್ದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಡ್ರಿಲ್ ಯಂತ್ರಕ್ಕೆ ಸಿಕ್ಕಿ ಸತ್ತ. ಆ ಪಾಳಿಯ ಫೋರ್‌ಮನ್ ನೊವಾಕ್. ಅವನು ಬರೆದ ವರದಿಯಲ್ಲಿ ಕಾರಣಕ್ಕೆ ಎರಡೇ ಪದ: 'ಸಡಿಲ ಉಡುಪು'. ಸುಳ್ಳು. ನನ್ನ ಮಗ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸದೆ ಮನೆಯ ಹೊಸ್ತಿಲು ದಾಟಿದವನಲ್ಲ. ಹದಿಮೂರು ತಿಂಗಳು ಪತ್ರ ಬರೆದೆ. ಕಡೆಗೆ ಉತ್ತರ ಬಂತು: 'ಸುಧಾರಣಾ ಕ್ರಮವಾಗಿ ಶ್ರೀ ನೊವಾಕ್ ಅವರನ್ನು ಹದಿನೈದು ವಾರಗಳ ತರಬೇತಿಗೆ ಕಳುಹಿಸಲಾಗುತ್ತಿದೆ.'

ಒಂದು ಜೀವಕ್ಕೆ ಹದಿನೈದು ಶನಿವಾರ. ಅದೂ ಒಂಬತ್ತರಿಂದ ಹನ್ನೆರಡು, ನಡುವೆ ಕಾಫಿ!

ನಾನೂ ಹೆಸರು ಹಚ್ಚಿದೆ. ಡಿಸೆಂಬರ್ ಹದಿನಾರಕ್ಕೆ ಕಂಪನಿಯವರು ನನಗೆ ಒಂದು ಗಂಟೆ ಕೊಟ್ಟಿದ್ದಾರೆ — ನೊವಾಕ್ ಫೋರ್‌ಮನ್ ಆಗಿ ಉಳಿಯಬೇಕೇ ಬೇಡವೇ ಎಂಬ ವಿಚಾರಣೆ. ಅಂದು ಅವನನ್ನು ಅವನ ಮಾತಿನಿಂದಲೇ ಕೆಡವಬೇಕು. ಧಾರವಾಡದಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಯ ಢಾಲನ್ನು ನಮ್ಮ ಕಾಲೇಜಿನಿಂದ ಹೊರಗೆ ಹೋಗಗೊಡದವನು ನಾನು.

ಮೊದಲ ದಿನ ನೊವಾಕ್ ಕೈ ಚಾಚಿದ. ಹಿಡಿಯಲಿಲ್ಲ. ಶಿಕ್ಷಕಿ ಮಿಸೆಸ್ ಹ್ಯಾಸ್ಕಿನ್ಸ್, ಏನೂ ಅರಿಯದವಳು, ಅಕ್ಷರಕ್ರಮದಲ್ಲಿ ಜೋಡಿ ಮಾಡಿದಳು. ನೊವಾಕ್ ಆದ ಮೇಲೆ ಪಾಟೀಲ. ಕಡೆಯವರೆಗೂ ಅದೇ ಜೋಡಿ. ಆಕ್ಷೇಪಿಸಲಿಲ್ಲ.

ಶನಿವಾರ, ೨೮ ಸೆಪ್ಟೆಂಬರ್

ಇಂದಿನ ಪಾಠ — ಆಲಿಸುವುದು. ಜೊತೆಗಾರ ಹೇಳಿದ್ದನ್ನು ಮೊದಲು ನಾವು ತಿರುಗಿ ಹೇಳಬೇಕು. ಅವನು 'ಹೌದು, ಅದೇ ನನ್ನ ಮಾತು' ಎಂದು ಒಪ್ಪಿದ ಮೇಲಷ್ಟೇ ನಮ್ಮ ಉತ್ತರ. ಎಂಥ ಮೂರ್ಖತನ. ಎದುರಾಳಿಯ ವಾದವನ್ನು ನಾನೇ ಇಸ್ತ್ರಿ ಮಾಡಿ ಅವನ ಕೈಗೆ ಕೊಡಬೇಕಂತೆ.

ನೊವಾಕ್ ತನ್ನ ಬೇಸ್‌ಮೆಂಟಿಗೆ ನೀರು ನುಗ್ಗಿದ ಕಥೆ ಹೇಳಿದ. ತಿರುಗಿ ಹೇಳಿದೆ. "ಈಗ ನೋಡಿ, ನೀವಿಬ್ಬರೂ ಒಂದೇ ಪಕ್ಷ!" ಎಂದು ಹಿಗ್ಗಿದಳು ಹ್ಯಾಸ್ಕಿನ್ಸ್. ಒಂದೇ ಪಕ್ಷ… ಪೆನ್ಸಿಲಿನ ಮೊನೆ ಕಾಗದದಲ್ಲಿ ಮುರಿಯಿತು.

ಕ್ಯಾಂಟನ್‌ನ ಮನೆಗೆ ಮರಳಿದಾಗ ಹೆಂಡತಿ ಜಯದೇವಿ ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದಳು.

"ಏನಂದಾ ಅಂವಾ?"

"ಬೇಸ್‌ಮೆಂಟಿನ್ಯಾಗ ನೀರು ಹೊಕ್ಕಿತ್ತಂತ."

"ಹೋಗ್ಲಿ. ಮನೀ ಎಲ್ಲಾ ತೇಲಿ ಹೋಗ್ಲಿ. ಅವನ ಕೈ ಸೇದಿ ಹೋಗ್ಲಿ."

ಹೀಗೆ ಶಪಿಸುವವಳಾಗಿರಲಿಲ್ಲ. ತಡೆಯಲಿಲ್ಲ ನಾನು. ವರದಿಯನ್ನು ಪದ ಪದವಾಗಿ ಓದಿ, ಅರ್ಥ ಹೇಳಿ, ಶಾಪಕ್ಕೆ ಗುರಿ ತೋರಿಸಿಕೊಟ್ಟವನು ನಾನೇ.

ಶನಿವಾರ, ೧೨ ಅಕ್ಟೋಬರ್

ಟಿಪ್ಪಣಿ ಬೆಳೆಯುತ್ತಿದೆ. ಹೊಸಬರಿಗೆ ಎರಡೇ ದಿನದ ತರಬೇತಿ — ಕಾಫಿಯ ವೇಳೆ ನೊವಾಕ್ ತಾನೇ ಒಪ್ಪಿದ. ತಿರುಗುವ ಭಾಗಕ್ಕೆ ಮರೆ ಇರಲಿಲ್ಲ — ಅದನ್ನೂ ಒಪ್ಪಿದ. "ಎರಡು ಸಲ ಬರೆದು ಕೇಳಿದ್ದೆ, ಕೊಡಲಿಲ್ಲ" ಎಂದ. ಅದು ಅವನ ಪಕ್ಷದ ಮಾತು, ಬರೆದುಕೊಳ್ಳಲಿಲ್ಲ.

ಸಂಜೆ ಆನ್ ಆರ್ಬರಿನಿಂದ ಪದ್ಮನಾಭ, ವತ್ಸಲಾ ಬಂದರು. ಮೈಸೂರಿನ ದಂಪತಿ; ಅವನು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧಕ.

"ಪಾಟೀಲ್ರೇ, ತಪ್ಪು ತಿಳ್ಕೋಬೇಡಿ," ಎಂದ ಪದ್ಮನಾಭ. "ವಾರಾ ವಾರಾ ಹೋಗಿ ಆ ಮನುಷ್ಯನ ಪಕ್ಕ ಕೂತ್ಕೋತೀರಲ್ಲ, ಹೇಗಾಗತ್ತೆ ನಿಮಗೆ?"

"ಪಾಯಿಂಟ್ ಕಲೆಕ್ಟ್ ಮಾಡಾಕ ಹೋಗ್ತೀನ್ರಿ."

"ಅದು ಕೋರ್ಟಲ್ಲ ಸಾರ್, ಕ್ಲಾಸು."

"ನನಗ ಎರಡೂ ಒಂದ."

"ನೋಡ್ತಿರಿ, ಕೊನೇಗೆ ನೀವೇ ಫೋರ್‌ಮನ್ ಆಗ್ತೀರಿ, ಅವನು ಲಾಯರ್ ಆಗ್ತಾನೆ."

"ರೀ, ಸುಮ್ನಿರಿ," ಎಂದಳು ವತ್ಸಲಾ.

ತಟ್ಟೆ ಬಿಟ್ಟು ಎದ್ದೆ. ಮಗನನ್ನು ಮಣ್ಣು ಮಾಡಿದವನ ಎದುರು ಹಾಸ್ಯ! ಇವರಿಗೆ ಶೋಕವೆಂದರೆ ಹದಿಮೂರು ದಿನ, ಒಂದು ಪಾತ್ರೆ ಬಿಸಿಬೇಳೆಬಾತು.

ಶನಿವಾರ, ೧೬ ನವೆಂಬರ್

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ಕ್ರಮ ತಪ್ಪಬಾರದು.

ಇಂದಿನ ಅಭ್ಯಾಸ: 'ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪು ನಿರ್ಧಾರ.' ಒಬ್ಬ ಹೇಳುವುದು, ಜೊತೆಗಾರ ತಿರುಗಿ ಹೇಳುವುದು, ಇಡೀ ತರಗತಿಯ ಎದುರು. ನೊವಾಕ್ ನಿಂತ. ನನ್ನ ಕಡೆ ತಿರುಗಿದ.

"ಕ್ಯಾಲ್ ವಿಷಯ ಹೇಳ್ತೀನಿ. ನೀವು ಬೇಡ ಅಂದ್ರೆ ಬೇರೆ ಏನಾದ್ರೂ ಹೇಳ್ತೀನಿ."

ಕಲ್ಲಿನಾಥನನ್ನು ಅಲ್ಲಿ ಕ್ಯಾಲ್ ಎನ್ನುತ್ತಿದ್ದರಂತೆ. "ಹೇಳು" ಎಂದೆ. ಇದಕ್ಕಾಗಿಯೇ ಹತ್ತು ವಾರ ಕಾದಿದ್ದೆ.

"ಮೊದಲ ದಿನವೇ ಎಲ್ಲ ಹುಡುಗರಿಗೂ ಹೇಳಿದೆ — ಉಂಗುರ, ವಾಚು, ಕೊರಳ ಸರ, ಎಲ್ಲಾ ಲಾಕರಿಗೆ. ಕ್ಯಾಲ್ ಕೊರಳಲ್ಲಿ ದಾರ, ದಾರದಲ್ಲಿ ಬೆಳ್ಳಿಯ ಸಣ್ಣ ಡಬ್ಬಿ. ತೆಗಿ ಅಂದೆ. ಮರುದಿನ ಬಂದು ನನ್ನ ಮುಂದೆ ನೆಟ್ಟಗೆ ನಿಂತ. 'ತೆಗೆಯಲು ಬರುವುದು ಒಡವೆ. ಇದು ತೆಗೆಯಲು ಬಾರದ್ದು. ಆದ್ದರಿಂದ ಇದು ಮೈಯ ಭಾಗ. ಯಾರಿಗಾದರೂ ಕೈ ಕಳಚಿ ಲಾಕರಿನಲ್ಲಿಟ್ಟು ಬಾ ಎನ್ನುತ್ತೀರಾ?' ಅಂದ. ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಏನು ಉತ್ತರ ಕೊಡಬೇಕೋ ಹೊಳೀಲಿಲ್ಲ. ಮೇಲಿನ ಗುಂಡಿ ಹಾಕ್ಕೋ ಅಂದೆ, ಅಷ್ಟೇ. ಆಮೇಲೆ ಜುಲೈ ಹದಿನೆಂಟು, ತೊಂಬತ್ತಾರು ಡಿಗ್ರಿ. ಸೆಕೆಗೆ ಗುಂಡಿ ಬಿಚ್ಚಿದ್ದ. ಬಗ್ಗಿದ. ದಾರ ಸುತ್ಕೊಳ್ತು. ನಾನು ಓಡಿಹೋಗಿ ಚಾಕುವಿಂದ ಕತ್ತರಿಸೋ ಹೊತ್ತಿಗೆ…"

ಕಿರಾಣಿ ಮ್ಯಾನೇಜರ್ ಕೇಳಿದ: "ವರದಿಯಲ್ಲಿ ಇದನ್ನ ಬರೆದ್ರಾ?"

"ಆಸ್ಪತ್ರೆಯಲ್ಲಿ ಅವನ ತಾಯಿ ಆ ಡಬ್ಬೀನ ಕಣ್ಣಿಗೆ ಒತ್ಕೊಂಡು ಕೂತಿದ್ರು. ಹೇಗೆ ಬರೀಲಿ? ಉಡುಪು ಅಂತ ಬರೆದೆ." ಸ್ವಲ್ಪ ತಡೆದು ಸೇರಿಸಿದ: "ಅದಷ್ಟೇ ಅಲ್ಲ. ದಾರ ಅಂತ ಬರೆದಿದ್ರೆ, ಹಾಕ್ಕೊಳ್ಳೋಕೆ ಬಿಟ್ಟವನು ನಾನು ಅಂತಲೂ ಬರೀಬೇಕಾಗಿತ್ತು."

ಹ್ಯಾಸ್ಕಿನ್ಸಳ ಮುಖ ಬಿಳಿಚಿತ್ತು. "ಮಿಸ್ಟರ್ ಪಾಟೀಲ್, ನೀವು ಹೇಳಬೇಕಾಗಿಲ್ಲ. ಪ್ಲೀಸ್."

ನಿಯಮ ನಿಯಮವೇ. ನಿಂತೆ. ಲಾಕರಿನ ಮಾತಿನವರೆಗೆ ಹೇಳಿದೆ. 'ತೆಗೆಯಲು ಬರುವುದು' ಎಂದು ಆರಂಭಿಸಿದಾಗ ನಾಲಿಗೆಗೆ ಗುರುತು ಸಿಕ್ಕಿತು.

ನನ್ನ ವಾಕ್ಯಗಳು ಅವು. ಶಬ್ದಕ್ಕೆ ಶಬ್ದ ನನ್ನವು.

ಹೋದ ವರ್ಷದ ಜೂನ್ ತಿಂಗಳು, ಊಟದ ಮೇಜು. ಜಯದೇವಿ ಪಕ್ಕದ ಮನೆಗೆ ಹೋಗಿದ್ದಳು. ಹುಡುಗ ಅಂದಿದ್ದ, "ಡ್ಯಾಡ್, ಇಟ್ಸ್ ಜಸ್ಟ್ ಎ ರೂಲ್. ಕೆಲಸಾ ಮುಗದ ಮ್ಯಾಲೆ ಹಾಕ್ಕೋತೀನಿ." ಎಂಜಲು ಕೈಯೆತ್ತಿ ಇಂಗ್ಲಿಷಿನಲ್ಲಿ ವಾದ ಕಟ್ಟಿಕೊಟ್ಟೆ. ಮೂರು ಸಲ ಬಾಯಿಪಾಠ ಮಾಡಿಸಿದೆ. ಕೈಯ ದೃಷ್ಟಾಂತಕ್ಕೆ ನಾನೇ ಮೆಚ್ಚಿ ತಲೆದೂಗಿದೆ. "ಲಿಂಗಾ ತೆಗೆದಿಟ್ಟು ನೀರು ಕುಡಿಯಾಂವ ನನ್ನ ಮಗಾ ಅಲ್ಲ" ಎಂದೂ ಸೇರಿಸಿದೆ. ಮರುಸಂಜೆ "ಐ ವನ್, ಡ್ಯಾಡ್" ಎಂದು ಬಂದ. ಬೆನ್ನು ತಟ್ಟಿದೆ.

ಆಮೇಲೆ ಮರೆತೆ. ಹದಿನಾರು ತಿಂಗಳು ಒಮ್ಮೆಯೂ ನೆನಪಾಗಲಿಲ್ಲ! ಲೋಹವೇ ನನ್ನ ಉದ್ಯೋಗ. ತಿರುಗುವ ಉಕ್ಕಿನ ಬಳಿ ದಾರ ಹೋದರೆ ಏನಾಗುತ್ತದೆಂದು ಲ್ಯಾಬಿನ ಗೋಡೆಗೆ ನಾನೇ ಬರೆದು ಅಂಟಿಸಿದ್ದೇನೆ. ಶಿವದಾರವೂ ದಾರವೆಂದು ಮಾತ್ರ ಹೊಳೆಯಲಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ನೊವಾಕ್‌ಗೆ ಹೇಳಿದೆ — ಆ ಮಾತು ನಾನು ಕಲಿಸಿದ್ದು. ಕಾರಿನ ಬಾಗಿಲಿಗೆ ಕೀಲಿ ಹಾಕಿ ಹಾಗೆಯೇ ನಿಂತ.

"ಒಳ್ಳೆ ವಾದ ಅದು," ಎಂದ.

ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಹೊಡೆಯಬಹುದಾಗಿತ್ತು.

"ಏನಂದಾ ಅಂವಾ?" ಎಂದಳು ಜಯದೇವಿ. ಏನೂ ಇಲ್ಲ ಎಂದೆ.

ಭಾನುವಾರ, ೧ ಡಿಸೆಂಬರ್

ಬೆಳಗಿನಿಂದ ಹಿಮ. ಮೊಣಕಾಲ ಮಟ್ಟ. ಎರಡು ಶನಿವಾರ ತರಗತಿಗೆ ಹೋಗಲಿಲ್ಲ.

ವಿಚಾರಣೆಯ ಭಾಷಣವನ್ನು ಮೂರು ಸಲ ಬರೆದೆ. ದಾರವನ್ನು ಮುಚ್ಚಿಡದೆಯೂ ವಾದ ನಿಲ್ಲುತ್ತದೆ. ಮರೆಯಿಲ್ಲದ ಯಂತ್ರ, ಎರಡು ದಿನದ ತರಬೇತಿ. ಎಲ್ಲಕ್ಕೂ ಮಿಗಿಲಾಗಿ — ಫೋರ್‌ಮನ್ ಇರುವುದು ನಿಯಮ ಜಾರಿ ಮಾಡಲಿಕ್ಕೆ, ಹತ್ತೊಂಬತ್ತರ ಹುಡುಗನ ಮಾತಿಗೆ ಸೋಲಲಿಕ್ಕಲ್ಲ. ಒಬ್ಬ ತೀರ್ಪುಗಾರನೂ ಇದನ್ನು ತಳ್ಳಿಹಾಕಲಾರ. ಈಗಲೂ ಗೆಲ್ಲಬಲ್ಲೆ.

ಅದೇ ಅಸಹ್ಯ. ಈಗಲೂ ಗೆಲ್ಲಬಲ್ಲೆ!

ಸಲಿಕೆ ತೆಗೆದುಕೊಂಡು ಡ್ರೈವ್‌ವೇ ಬಗೆದೆ. ಬಗೆದ ಜಾಗ ಬೆನ್ನ ಹಿಂದೆಯೇ ತುಂಬುತ್ತಿತ್ತು. ಹಿಮವನ್ನು ಬೈದೆ, ಮಿಶಿಗನ್ನನ್ನು ಬೈದೆ, ಧಾರವಾಡದ ನಮ್ಮ ತರ್ಕದ ಮೇಷ್ಟ್ರನ್ನು ಬೈದೆ.

ಭಾನುವಾರ, ೮ ಡಿಸೆಂಬರ್

ಜಯದೇವಿಗೆ ಹೇಳಿದೆ. ಶಿವದಾರ ಸುತ್ತಿಕೊಂಡದ್ದು, ನೊವಾಕ್ ಮೊದಲೇ ತೆಗೆ ಎಂದದ್ದು, ಹುಡುಗ ವಾದಿಸಿ ಉಳಿಸಿಕೊಂಡದ್ದು. ಅಲ್ಲಿಗೆ ನಿಲ್ಲಿಸಿದೆ.

ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು.

"ಆ ದಾರಾ ನಾನ ಹೊಸದು ಕೊಟ್ಟಿದ್ದೆ. ಹಳೇದು ಜೀರ್ಣಾಗಿತ್ತು, ಹರೀತದಂತ. ಎಂಟು ಎಳೀ ಹಾಕಿ ಹೊಸೆದಿದ್ದೆ… ಹಳೇದ ಇದ್ದಿದ್ರ ಹರೀತಿತ್ತಲ್ರೀ."

"ಅದಕ್ಕೂ ಇದಕ್ಕೂ ಏನ ಸಂಬಂಧಾ?"

"ಹರದಿದ್ರ ಉಳೀತಿದ್ದ."

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಹೇಡಿ! ಆರುನೂರು ಜನರೆದುರು ನಿಂತು ವಾದಿಸಿದವನು, ಒಬ್ಬಳೆದುರು ಹೇಡಿ.

ನೆಲಕ್ಕೆ ಕೈಯೂರಿ ಎದ್ದು ಅಂದಳು: "ಅಂವಗ ಬರಾಕ ಹೇಳ್ರಿ. ನೀವು ಸೋಮವಾರ ಹೋಗಿ ಮಾತಾಡೂದ್ರೊಳಗ ನಾ ಅವನ ಮಾತು ಕೇಳಬೇಕು."

"ಅವನ ಇಂಗ್ಲಿಷು ನಿನಗ ತಿಳೀತದೇನು?"

"ನನ್ನ ಮಗನ ಸುದ್ದಿ ನನಗ ತಿಳೀತದ. ನೀವು ನಡುವ ಬಾಯಿ ಹಾಕಬ್ಯಾಡ್ರಿ."

ಶನಿವಾರ, ೧೪ ಡಿಸೆಂಬರ್

ಕಡೆಯ ತರಗತಿ. ಕೇಕು. ಎಲ್ಲರಿಗೂ ಪ್ರಮಾಣಪತ್ರ, ನನಗೂ ಕೊಟ್ಟರು — 'ಮೇಲ್ವಿಚಾರಣೆಯ ಮೂಲತತ್ತ್ವಗಳಲ್ಲಿ ತೃಪ್ತಿಕರ'. ಕಾರಿನಲ್ಲಿ ಕುಳಿತು ಹರಿದೆ.

ಅದಕ್ಕೆ ಮೊದಲು ನೊವಾಕ್‌ನ ಬಳಿಗೆ ಹೋದೆ. ನಾಳೆ ಮೂರಕ್ಕೆ ಬರಬೇಕು, ನನ್ನ ಹೆಂಡತಿ ಕರೆದಿದ್ದಾಳೆ ಎಂದೆ. ಕೇಕಿನ ತಟ್ಟೆ ಕೆಳಗಿಟ್ಟ.

"ಅವರಿಗೆ ಹೇಳಿದೀರಾ?"

"ಅರ್ಧ."

"ಯಾವ ಅರ್ಧ?"

ಫೋರ್‌ಮನ್‌ನ ಎದುರು ನಿರುತ್ತರನಾಗಿ ನಿಂತೆ. ಅವನೂ ಒತ್ತಾಯಿಸಲಿಲ್ಲ; ಆ ಸೌಜನ್ಯಕ್ಕೆ ಮೈಯೆಲ್ಲ ಉರಿಯಿತು.

ಭಾನುವಾರ, ೧೫ ಡಿಸೆಂಬರ್. ಮಧ್ಯಾಹ್ನ ೩-೨೦

ಮಹಡಿಯ ಕೋಣೆ. ಅವಳೇ ಕಳುಹಿಸಿದಳು. "ಮ್ಯಾಲೆ ಹೋಗಿ ಕೂಡ್ರಿ. ನಿಮ್ಮ ಮಾರಿ ನೋಡಿದ್ರ ಅಂವಾ ಮಾತಾಡೂದಿಲ್ಲ." ನೊವಾಕ್ ಕೋಟು, ಟೈ ಹಾಕಿಕೊಂಡು ಬಂದಿದ್ದಾನೆ. ಬೂಟು ಹೊರಗೇ ಬಿಟ್ಟ, ಯಾರು ಹೇಳಿಕೊಟ್ಟರೋ.

ನೆಲದಲ್ಲಿನ ಹೀಟರಿನ ಜಾಲರಿಯಿಂದ ಕೆಳಗಿನ ಪ್ರತಿ ಮಾತೂ ಮೇಲೆ ಬರುತ್ತಿದೆ. ನಿಧಾನವಾಗಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳುತ್ತಿದ್ದಾನೆ. ಲಾಕರು. ಡಬ್ಬಿ. ಹುಡುಗ ನೆಟ್ಟಗೆ ನಿಂತದ್ದು. ಕೈಯ ಮಾತು. ಇಲ್ಲಿ ಅವಳು ತಡೆದಳು.

"ವೇಟ್. ದಿಸ್ ಟಾಕ್… ನಾಟ್ ಮೈ ಸನ್ ಟಾಕ್. ಮೈ ಸನ್, ಸಿಂಪಲ್ ಬಾಯ್. ಹೂ ಟೀಚ್ ಹಿಮ್?"

ಕಪ್ಪನ್ನು ಬಸಿಯಲ್ಲಿಟ್ಟ ಸದ್ದು.

"ಐ ಡೋಂಟ್ ನೋ, ಮ್ಯಾಮ್."

ಸುಳ್ಳು! ನನಗಾಗಿ ಹೇಳಿದ ಸುಳ್ಳು. ನನ್ನ ಮನೆಯಲ್ಲಿ ಕುಳಿತು, ನನ್ನ ಹೆಂಡತಿಗೆ, ನನ್ನ ಪರವಾಗಿ… ಇವನ ಉಪಕಾರ ನನಗೆ ಬೇಡ. ನಾಳೆ ಇವನನ್ನು ಕೆಲಸದಿಂದ ಕೆಡವಲು ಹೊರಟವನಿಗೆ ಇವನ ಉಪಕಾರ!

ಜಯದೇವಿ ಅಳುತ್ತಿದ್ದಾಳೆ. "ಥ್ರೆಡ್, ಐ ಮೇಕ್," ಎನ್ನುತ್ತಿದ್ದಾಳೆ. "ವೆರಿ ಸ್ಟ್ರಾಂಗ್ ಐ ಮೇಕ್."

ಇಳಿಯುತ್ತೇನೆ. ಪೀಠಿಕೆ ಬೇಡ, ದೃಷ್ಟಾಂತ ಬೇಡ. ಮೊದಲ ವಾಕ್ಯ ಮಾತ್ರ ಸಿದ್ಧವಿರಲಿ — ಜಯದೇವಿ, ಅಂವಗ ಆ ಮಾತು ಕಲಿಸಿದಾಂವ ನಾ