ಹಯಾಶಿ-ಸಾನ್ ಹುಡುಕಿದ ರಾಮೆನ್

ಮಾಸ್ಟ್ರೇ,

ಎದುರಿಗೆ ಒಮ್ಮೆಯೂ ನಿಮ್ಮನ್ನು ಹೀಗೆ ಕರೆದವನಲ್ಲ. ದೋಹಾದ ಆಫೀಸಿನಲ್ಲಿ ಎಲ್ಲರಿಗೂ ನೀವು ಹಯಾಶಿ-ಸಾನ್, ನನಗೂ ಅಷ್ಟೇ. ಆದರೆ ನಮ್ಮ ಉಡುಪಿ ಕಡೆ ಕೆಲಸ ಕಲಿಸಿಕೊಟ್ಟವರನ್ನು ಮಾಸ್ಟ್ರು ಅನ್ನುತ್ತೇವೆ. ಅವರು ಶಾಲೆಯವರೇ ಆಗಬೇಕೆಂದಿಲ್ಲ, ಜಪಾನಿನವರಾದರೂ ಆದೀತು. ಮೂರು ವರ್ಷ ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಿಮ್ಮದೂ ಹರಕು, ನನ್ನದೂ ಹರಕು. ಇವತ್ತು ಹೇಳಬೇಕಾದದ್ದು ಆ ಹರಕಿನಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಶಾಲೆಯಲ್ಲಿ ಕಲಿತ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈಗ ನೀವಿರುವಲ್ಲಿ ಭಾಷೆಯ ತಾಪತ್ರಯ ಇರಲಿಕ್ಕಿಲ್ಲ, ಅಲ್ಲವೇ?

ನಾನು ನಿಮ್ಮ ಕೈಕೆಳಗೆ ಸೇರಿದ ಎರಡನೇ ವಾರ ನೆನಪಿದೆಯಾ? ಗ್ಯಾಸ್ ಪ್ಲಾಂಟಿನ ನಕ್ಷೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಯಾವ ನಕ್ಷೆ ಹೊಸದು, ಯಾವುದು ಹಳೆಯದು ಎಂದು ನೋಡಿ ಸೈಟಿಗೆ ಕಳಿಸಬೇಕು. ನಾನು ಹಳೆಯದೊಂದನ್ನು ಕಳಿಸಿಬಿಟ್ಟಿದ್ದೆ. ಕೆಲಸ ಹೋಯಿತು ಎಂದೇ ತಿಳಿದೆ. ನೀವು ಬೈಯಲಿಲ್ಲ. ಸುಮ್ಮನೆ ಕಾರಿನಲ್ಲಿ ಕೂರಿಸಿಕೊಂಡು ಸೈಟಿಗೆ ಕರೆದುಕೊಂಡು ಹೋದಿರಿ. ಆ ಬಿಸಿಲಿನಲ್ಲಿ ನಾಲ್ಕು ಜನ ಬೆಸುಗೆ ಹಾಕಿದ ಪೈಪನ್ನು ಮತ್ತೆ ಕತ್ತರಿಸುತ್ತಿದ್ದರು. "ಅರುವಿನ್-ಸಾನ್, ಇದು ನಿಮ್ಮ ಒಂದು ಕಾಗದ" ಎಂದಿರಿ. ನನ್ನ ಹೆಸರು ಆಲ್ವಿನ್. ಅದನ್ನು ಸರಿಯಾಗಿ ಹೇಳಲು ನಿಮಗೆ ಕೊನೆಯವರೆಗೂ ಬರಲಿಲ್ಲ. ಆಮೇಲೆ ನನ್ನ ಕೈಯಿಂದ ತಪ್ಪು ನಕ್ಷೆ ಒಂದೂ ಹೋಗಲಿಲ್ಲ ಮಾಸ್ಟ್ರೇ. ಇವತ್ತಿನವರೆಗೂ.

ಒಂದು ಗುರುವಾರ ಮಧ್ಯಾಹ್ನ ನೀವು ಪ್ಯಾಂಟ್ರಿಯಲ್ಲಿ ನಿಂತು ಕಪ್ ನೂಡಲ್ಸ್ ತಿನ್ನುತ್ತಿದ್ದಿರಿ. ನಾನು ಚಹಾ ಮಾಡಿಕೊಳ್ಳಲು ಬಂದವನು ಮಾತಿಗೆಂದು ಕೇಳಿದೆ, "ಸಾರ್, ಇದೇ ಏನು ರಾಮೆನ್ ಅಂದರೆ?" ನೀವು ಕಪ್ಪನ್ನು ಎತ್ತಿ ತೋರಿಸಿ, "ಇದು ರಾಮೆನ್ ಅಲ್ಲ. ರಾಮೆನ್‌ನ ಫೋಟೋ" ಎಂದಿರಿ. ನಾನು ನಕ್ಕೆ. ನೀವು ನಗಲಿಲ್ಲ. "ನೀವು ಆರು ವರ್ಷದಿಂದ ಇಲ್ಲಿದ್ದೀರಿ. ದೋಹಾದಲ್ಲಿ ಎಲ್ಲಾದರೂ ನಿಜವಾದದ್ದು ಸಿಗುತ್ತದಾ?" ಎಂದು ಕೇಳಿದಿರಿ. ನನಗೇನು ಗೊತ್ತು? ನಜ್ಮಾ ಎಂಬ ಬಡಾವಣೆಯ ಕೋಣೆಯಲ್ಲಿ ಐದು ಜನರ ಜೊತೆ ಅನ್ನ, ಮೀನುಸಾರು ಮಾಡಿಕೊಂಡಿದ್ದವನು ನಾನು. ಆದರೂ ಬಾಯಿಗೆ ಬಂದದ್ದು, "ಹುಡುಕುವ ಸಾರ್."

ಇಲ್ಲಿ ವಾರದ ರಜೆ ಶುಕ್ರವಾರ. ಹಾಗೆ ನಮ್ಮ ಶುಕ್ರವಾರಗಳು ಶುರುವಾದವು. ಆಗ ಇಲ್ಲಿ ಚರ್ಚ್ ಕಟ್ಟಡ ಇನ್ನೂ ಎದ್ದಿರಲಿಲ್ಲ, ಒಂದು ಹಾಲ್‌ನಲ್ಲಿ ಬಲಿಪೂಜೆ. ಅದು ಮುಗಿಸಿ ಹೊರಗೆ ಬಂದರೆ ನಿಮ್ಮ ಬಿಳಿ ಕಾರು ರಸ್ತೆಯಾಚೆ ನಿಂತಿರುತ್ತಿತ್ತು. ಊರವರು, "ಏನು ಮಾರಾಯ, ಬಾಸನ್ನೇ ಡ್ರೈವರ್ ಮಾಡಿಕೊಂಡಿದ್ದೀಯಾ?" ಎಂದು ತಮಾಷೆ ಮಾಡುತ್ತಿದ್ದರು. ಮೊದಲು ಕಡಲದಂಡೆಯ ಕಾರ್ನಿಷ್ ರಸ್ತೆ ಪಕ್ಕದ ದೊಡ್ಡ ಹೋಟೆಲಿಗೆ ಹೋದೆವು. ಕರಿ ಮರದ ಬಟ್ಟಲು, ಮೇಲೆ ಹೂವಿನಂತೆ ಕೊಯ್ದ ಕ್ಯಾರೆಟ್. ನೀವು ಒಂದೇ ಚಮಚ ಕುಡಿದು ಚಮಚವನ್ನು ಮೆತ್ತಗೆ ಕೆಳಗಿಟ್ಟಿರಿ. ಅಡುಗೆಯವನಿಗೆ ಬೇಸರವಾಗಬಾರದೆಂದು ತಲೆಬಾಗಿ ಥ್ಯಾಂಕ್ಸ್ ಹೇಳಿದಿರಿ. ಹೊರಗೆ ಬಂದು ಜೇಬಿನ ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡಿರಿ. ಸಲ್ವಾ ರೋಡಿನ ಚೈನೀಸ್, ಇನ್ನೊಂದು ಕಡೆಯ ಕೊರಿಯನ್... ಎಲ್ಲ ಕಡೆಯೂ ಅದೇ ಕಥೆ. ಬಟ್ಟಲು ಖಾಲಿಯಾದದ್ದು ಒಂದೇ ಕಡೆ, ನಮ್ಮ ನಜ್ಮಾದ ಫಿಲಿಪ್ಪೀನೋ ಹೆಂಗಸಿನ ಕೆಫೆಟೇರಿಯಾದಲ್ಲಿ. ನಾನು ಆಸೆಯಿಂದ ನಿಮ್ಮ ಮುಖ ನೋಡಿದೆ. "ತುಂಬಾ ಚೆನ್ನಾಗಿದೆ. ಆದರೆ ಇದು ಅವರ ಅಮ್ಮನ ನೂಡಲ್ಸ್" ಎಂದಿರಿ.

ನಿಮ್ಮ ಊರಿನ ರಾಮೆನ್ ಹೇಗಿರುತ್ತದೆ ಎಂದು ಒಂದು ದಿನ ಸಿಗ್ನಲ್‌ನಲ್ಲಿ ಕಾಯುವಾಗ ಹೇಳಿದಿರಿ. ಉತ್ತರದ ಕಡೆಯ, ಹಿಮ ಬೀಳುವ, ಮೀನುಗಾರರ ಊರು. ಹಂದಿ ಎಲುಬಿನ ದಪ್ಪ ಸಾರು ಅಲ್ಲಿಯದಲ್ಲ, ಕೋಳಿ ಎಲುಬು ಮತ್ತು ಒಣಗಿಸಿದ ಸಣ್ಣ ಮೀನಿನ ತೆಳು ಸಾರು. ನೀವು ಪುಟ್ಟ ಪುಸ್ತಕದಲ್ಲಿ ಆ ಮೀನಿನ ಚಿತ್ರ ಬಿಡಿಸಿದಿರಿ. ನಾನು ಕಿರುಚಿಯೇಬಿಟ್ಟೆ, "ಸಾರ್, ಇದು ನಮ್ಮ ಬೂತಾಯಿ!" ಬೂತಾಯಿಯೋ ಅದರ ತಮ್ಮನೋ, ಅಂತೂ ಇಲ್ಲಿಯ ಹಳೇ ಪೇಟೆ ಸೂಕಿನ ಒಣಮೀನಿನ ಅಂಗಡಿಯಲ್ಲಿ ಅಂಥದ್ದೇ ಒಂದು ಸಿಕ್ಕಿತು. ಅಂದಿನಿಂದ ಹೋಟೆಲು ಖಲಾಸ್. ಮದೀನತ್ ಖಲೀಫಾ ಬಡಾವಣೆಯ ನಿಮ್ಮ ವಿಲ್ಲಾದ ಅಡುಗೆಮನೆಯೇ ನಮ್ಮ ಸೈಟ್. ನೀವು ಮೀನಿನ ತಲೆ, ಹೊಟ್ಟೆ ಕಿತ್ತು ರಾತ್ರಿಯೇ ನೀರಿನಲ್ಲಿ ಹಾಕಿಟ್ಟಿರುತ್ತಿದ್ದಿರಿ. ನಾನು ಕೋಳಿ ಎಲುಬು ತೊಳೆಯುವವನು. ಸಾರು ನಾಲ್ಕನೇ ವಾರಕ್ಕೆ ಸರಿಬಂತು. ನೀವು ಕಣ್ಣು ಮುಚ್ಚಿ ಕುಡಿದಿರಿ. ಆ ಹೊತ್ತಿನಲ್ಲಿ ನಾನು ಅಲ್ಲಿ ಇರಬೇಕೋ ಹೊರಗೆ ಹೋಗಬೇಕೋ ತಿಳಿಯಲಿಲ್ಲ.

ನೂಡಲ್ಸ್ ಮಾತ್ರ ಕೈಕೊಟ್ಟಿತು. ಎಷ್ಟು ನಾದಿದರೂ ಬಿಸಿ ಸಾರಿಗೆ ಬಿದ್ದ ಕೂಡಲೇ ಮೆತ್ತಗಾಗಿ ತುಂಡಾಗುತ್ತಿತ್ತು. ಅದಕ್ಕೆ ಒಂದು ಬಗೆಯ ಉಪ್ಪು ಬೇಕು, ಹಿಟ್ಟಿಗೆ ಹಳದಿ ಬಣ್ಣವನ್ನೂ ಎಳೆತವನ್ನೂ ಕೊಡುತ್ತದೆ, ಇಲ್ಲಿ ಸಿಗುವುದಿಲ್ಲ ಎಂದಿರಿ. ನಾನು ಆ ವಾರ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಅದು ಹಪ್ಪಳದ ಖಾರ ಅಲ್ಲವಾ? ಮೆಣಸಿನ ಖಾರ ಅಲ್ಲ, ಹಪ್ಪಳದ ಹಿಟ್ಟಿಗೆ ಹಾಕುವ ಬಿಳಿ ಪುಡಿ. ರಜೆಗೆ ಬಂದಾಗ ತಕ್ಕೊಂಡು ಹೋಗು, ನಿನ್ನ ಜಪಾನ್ ಧಣಿಗೆ." ನಿಮಗೆ ಇದನ್ನು ವಿವರಿಸಿದಾಗ ನೀವು ಕುರ್ಚಿಯಿಂದ ಎದ್ದು ನಿಂತು, ಊರಿನ ದಿಕ್ಕು ಯಾವುದು ಎಂದು ಕೇಳಿ, ನನ್ನ ಅಮ್ಮನಿಗೆ ಬಗ್ಗಿ ನಮಸ್ಕಾರ ಮಾಡಿದಿರಿ.

ರಜೆ ಮುಗಿಯುವ ಎರಡು ದಿನ ಮೊದಲು ಊರಿನಿಂದ ನಿಮಗೆ ಫೋನ್ ಮಾಡಿದ್ದೆ. ಚರ್ಚಿನಲ್ಲಿ ಮಗಳ ಪ್ರಥಮ ಪರಮಪ್ರಸಾದದ ದಿನ ಮುಂದೆ ಹೋಗಿತ್ತು, ಒಂದು ವಾರ ಹೆಚ್ಚಿಗೆ ಬೇಕಿತ್ತು. "ಮಗಳ ಜೊತೆ ಇರಿ. ನೂಡಲ್ಸ್ ಕಾಯುತ್ತದೆ" ಎಂದಿರಿ. ನಿಮ್ಮ ದನಿ ಸ್ವಲ್ಪ ದಣಿದಿತ್ತು. ಕೇಳಬೇಕಿತ್ತು, ಆರಾಮಾ ಎಂದು. ಯಾಕೆ ಕೇಳಲಿಲ್ಲ? ಐಎಸ್‌ಡಿ ಬೂತ್ ಹೊರಗೆ ಹೆಂಡತಿ ಅವಸರ ಮಾಡುತ್ತಿದ್ದಳು, ಮಗಳ ಬಿಳಿ ಫ್ರಾಕ್ ಹೊಲಿದು ಸಿಕ್ಕಿರಲಿಲ್ಲ, ಅದೂ ಇದೂ...

ಶನಿವಾರ ಬೆಳಿಗ್ಗೆ ಆಫೀಸಿಗೆ ಬಂದಾಗ ಬ್ಯಾಗಿನಲ್ಲಿ ಹಪ್ಪಳದ ಖಾರದ ಪ್ಯಾಕೆಟ್ ಇತ್ತು. ನಿಮ್ಮ ಕುರ್ಚಿಯ ಮೇಲೆ ಯಾರೋ ಫೈಲುಗಳನ್ನು ಪೇರಿಸಿದ್ದರು. ನೀವು ಯಾರಿಗೂ ಬಿಡದ ಕುರ್ಚಿ ಅದು. ಆಡ್ಮಿನ್ ವಿಭಾಗದ ಕೇಕೋ-ಸಾನ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮಂಗಳವಾರ ನೀವು ಆಫೀಸಿಗೆ ಬಂದಿರಲಿಲ್ಲವಂತೆ. ಮಧ್ಯಾಹ್ನ ವಿಲ್ಲಾದ ಬಾಗಿಲು ತೆಗೆಸಿದರಂತೆ. ಹೃದಯಾಘಾತ. ಸೋಫಾದಲ್ಲಿ ಕೂತಿದ್ದವರು ಕೂತಲ್ಲೇ... ನಾನು ಬರಬೇಕಿದ್ದ ದಿನಕ್ಕೆ ಬಂದಿದ್ದರೆ ಆ ಹಿಂದಿನ ಶನಿವಾರದಿಂದಲೇ ನಿಮ್ಮ ಜೊತೆ ಇರುತ್ತಿದ್ದೆ. ನಿಮ್ಮ ಮುಖ ನೋಡಿ ಗೊತ್ತಾಗುತ್ತಿತ್ತಾ? ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದೆನಾ? ಇದನ್ನು ಎಷ್ಟು ಸಲ ಕೇಳಿಕೊಂಡೆ ಎಂದರೆ, ಈಗ ಪ್ರಶ್ನೆಯೇ ಸವೆದುಹೋಗಿದೆ.

ನಿಮ್ಮ ದೇಹವನ್ನು ಕೊಂಡೊಯ್ಯಲು ಬಂದವರು ನಿಮ್ಮ ಅಣ್ಣ. ನಿಮಗೆ ಅಣ್ಣ ಇದ್ದಾರೆಂದೇ ನನಗೆ ಗೊತ್ತಿರಲಿಲ್ಲ ಮಾಸ್ಟ್ರೇ! ಮೂರು ವರ್ಷ, ಅಷ್ಟು ಶುಕ್ರವಾರ, ಒಂದು ಮಾತೂ ಇಲ್ಲ. ಕಂಪನಿಯ ಫಾರಮ್ಮಿನಲ್ಲಿ ಹತ್ತಿರದ ಸಂಬಂಧಿ ಎಂಬಲ್ಲಿ ನೀವು ಗೆರೆ ಎಳೆದಿದ್ದಿರಿ. ಕೇಕೋ-ಸಾನ್ ಹೆಡ್ ಆಫೀಸಿಗೆ ಹತ್ತು ಫೋನ್ ಮಾಡಿ ಅವರನ್ನು ಹುಡುಕಿಸಿದ್ದರು. ಕುಳ್ಳಗಿನ ಮುದುಕರು, ದೋಹಾದ ಆ ಸೆಕೆಯಲ್ಲಿ ಕಪ್ಪು ಕೋಟು. ಮುಖ ನಿಮ್ಮದೇ, ಕೈ ಮಾತ್ರ ಬೇರೆ. ದಪ್ಪ ಬೆರಳು, ಸುಟ್ಟ ಗುರುತುಗಳು. ವಿಲ್ಲಾ ಖಾಲಿ ಮಾಡಲು ಅವರ ಜೊತೆ ನನ್ನನ್ನು ಕಳಿಸಿದರು, ಮಾತು ತಿಳಿಸಲು ಕೇಕೋ-ಸಾನ್.

ನಿಮ್ಮ ಅಂಗಿಗಳನ್ನು ಅವರು ಒಂದೊಂದಾಗಿ ಮಡಚಿದರು. ಅಡುಗೆಮನೆಗೆ ಬಂದಾಗ ಆ ಪುಟ್ಟ ಪುಸ್ತಕ ಕೈಗೆ ಸಿಕ್ಕಿತು. ನಿಂತಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ಪೆಟ್ಟಿಗೆಗೆ ಟೇಪ್ ಹಚ್ಚುತ್ತಾ ಕಾದೆ. ಓದಿ ಮುಗಿಸಿ ಕೇಕೋ-ಸಾನ್ ಹತ್ತಿರ ಏನೋ ಕೇಳಿದರು. ಆಕೆ ನನ್ನ ಕಡೆ ತಿರುಗಿ, "ಮನೆಯಲ್ಲಿ ಮೈದಾ ಇದೆಯಾ ಎಂದು ಕೇಳುತ್ತಿದ್ದಾರೆ" ಎಂದರು. ಇತ್ತು. ಒಣಮೀನಿನ ಡಬ್ಬವೂ ಇತ್ತು. ನಾನು ಪಕ್ಕದ ಕೋಲ್ಡ್ ಸ್ಟೋರ್ ಅಂಗಡಿಗೆ ಓಡಿಹೋಗಿ ಕೋಳಿ ತಂದೆ. ಬ್ಯಾಗಿನಿಂದ ಹಪ್ಪಳದ ಖಾರದ ಪ್ಯಾಕೆಟ್ ತೆಗೆದು ಕೊಟ್ಟೆ. ಅವರು ನಾಲಿಗೆಯ ತುದಿಗೆ ಇಟ್ಟು ನೋಡಿ ನನ್ನ ಮುಖ ನೋಡಿದರು. ನಿಮ್ಮ ಅಣ್ಣ ನಕ್ಕದ್ದು ಅದೊಂದೇ ಸಲ.

ಮೂರು ಗಂಟೆ ಹಿಡಿಯಿತು. ನಾಲ್ಕು ಬಟ್ಟಲು ಮಾಡಿದರು, ಒಂದನ್ನು ನಿಮ್ಮ ಫೋಟೋದ ಮುಂದೆ ಇಟ್ಟರು. ಹೇಗಿತ್ತು ಎಂದು ನಿಮಗೆ ನಾನು ಹೇಳುವುದೇ? ಸಾರಿನಲ್ಲಿ ಮೀನಿನ ಸಣ್ಣ ಕಹಿ ಇತ್ತು, ಅದರ ಹಿಂದೆಯೇ ಒಂದು ಸಿಹಿ. ನೂಡಲ್ಸ್ ಹಲ್ಲಿಗೆ ಎದುರು ನಿಂತು ಆಮೇಲೆ ಮಣಿಯುತ್ತಿತ್ತು. ಆ ದೊಡ್ಡ ಹೋಟೆಲಿನಲ್ಲಿ ನೀವು ಚಮಚ ಯಾಕೆ ಕೆಳಗಿಟ್ಟಿರಿ ಎಂದು ನನಗೆ ಅವತ್ತು ತಿಳಿಯಿತು. ನಿಮಗೆ ಬೇಕಾದದ್ದನ್ನು ನಾನು ತಿನ್ನುತ್ತಿದ್ದೆ. ಪೂರ್ತಿ ತಿಂದೆ.

ತಿಂದಾದ ಮೇಲೆ ಅವರು ಮಾತಾಡಿದರು. ನೀವು ಹುಡುಕುತ್ತಿದ್ದ ರಾಮೆನ್ ಊರಿನಲ್ಲಿ ನಿಮ್ಮ ತಂದೆ ನಡೆಸುತ್ತಿದ್ದ ಅಂಗಡಿಯದಂತೆ. ತಂದೆ ತೀರಿದಾಗ ನೀವು ಎಲ್ಲೋ ಮರುಭೂಮಿಯ ಪ್ರಾಜೆಕ್ಟಿನಲ್ಲಿದ್ದು ಬರಲಿಲ್ಲವಂತೆ. ಅಣ್ಣ ಫೋನಿನಲ್ಲಿ ಆಡಬಾರದ ಮಾತು ಆಡಿದರಂತೆ. ಅಲ್ಲಿಂದ ಇಪ್ಪತ್ತೊಂದು ವರ್ಷ ಮಾತಿಲ್ಲ. "ಅಂಗಡಿ ಮುಚ್ಚಿ ನಾಲ್ಕು ವರ್ಷವಾಯಿತು" ಎಂದರು. "ಹೆಂಡತಿ ಹೋದ ಮೇಲೆ ಒಬ್ಬನಿಂದ ಆಗಲಿಲ್ಲ. ಈಗ ಆ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ." ನಿಮಗೆ ಇದು ಗೊತ್ತಿರಲಿಲ್ಲ ಅಲ್ಲವೇ? ನಾವು ದೋಹಾ ಸುತ್ತುತ್ತಿದ್ದ ಅಷ್ಟೂ ದಿನ ಆ ರಾಮೆನ್ ನಿಮ್ಮ ಊರಿನಲ್ಲೂ ಇರಲಿಲ್ಲ ಮಾಸ್ಟ್ರೇ.

ಆಮೇಲೆ ಅವರು ಬಟ್ಟಲನ್ನೇ ನೋಡುತ್ತಾ ಒಂದು ಪ್ರಶ್ನೆ ಕೇಳಿದರು. ಕೇಕೋ-ಸಾನ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. "ತಮ್ಮ ಯಾವತ್ತಾದರೂ ನನ್ನ ವಿಷಯ ಮಾತಾಡಿದ್ದನಾ ಎಂದು ಕೇಳುತ್ತಿದ್ದಾರೆ."

"ಹೌದು" ಎಂದೆ. "ಪ್ರತಿ ಶುಕ್ರವಾರ."

ಕೇಕೋ-ಸಾನ್ ನನ್ನನ್ನು ನೋಡಿದರು. ಫಾರಮ್ಮಿನ ಆ ಗೆರೆ ಅವರಿಗೆ ಗೊತ್ತಿತ್ತಲ್ಲ. ಆದರೂ ಅನುವಾದ ಮಾಡಿದರು, ನಾನು ಆಡಿದ್ದಕ್ಕಿಂತ ತುಂಬಾ ಉದ್ದವಾಗಿ. ನಿಮ್ಮ ಅಣ್ಣ ತಲೆಯಾಡಿಸಿ ಎದ್ದು ಹೋಗಿ ನಾಲ್ಕೂ ಬಟ್ಟಲನ್ನು ತೊಳೆದರು. ನಾವು ತೊಳೆಯುತ್ತೇವೆ ಎಂದರೆ ಬಿಡಲಿಲ್ಲ. ನಲ್ಲಿಯನ್ನು ಜೋರಾಗಿ ಬಿಟ್ಟು ನಮಗೆ ಬೆನ್ನು ಮಾಡಿ ನಿಂತಿದ್ದರು.

ಈಗ ಒಂದು ವರ್ಷ ಕಳೆದಿದೆ. ಶುಕ್ರವಾರ ಪೂಜೆ ಮುಗಿಸಿ ಹೊರಬಂದರೆ ರಸ್ತೆಯಾಚೆ ಯಾವ ಕಾರೂ ಇಲ್ಲ. ಕೋಣೆಗೆ ಹೋದರೆ ಐದೂ ಜನ ಮಲಗಿರುತ್ತಾರೆ. ಕಾರ್ನಿಷ್‌ನಲ್ಲಿ ಒಬ್ಬನೇ ಒಂದು ಸುತ್ತು ನಡೆದು ವಾಪಸು ಬರುತ್ತೇನೆ. ಹೊಸ ಬಾಸ್ ಒಳ್ಳೆಯವರು, ಚಿಕ್ಕ ವಯಸ್ಸಿನವರು. ನನ್ನ ಹೆಸರನ್ನು ಸರಿಯಾಗಿ ಹೇಳುತ್ತಾರೆ. ಅದು ಯಾಕೋ ಬೇರೆ ಯಾರನ್ನೋ ಕರೆದಂತೆ ಕೇಳುತ್ತದೆ.

ಈ ಪತ್ರಕ್ಕೆ ಕಾರಣ, ಮೊನ್ನೆ ನಿಮ್ಮ ಅಣ್ಣನಿಂದ ಆಫೀಸಿನ ವಿಳಾಸಕ್ಕೆ ಒಂದು ಕಾಗದ ಬಂತು. ಕೇಕೋ-ಸಾನ್ ಓದಿ ಹೇಳಿದರು. ಆರೋಗ್ಯ ಪರವಾಗಿಲ್ಲವಂತೆ, ಅಲ್ಲಿ ಹಿಮ ಜೋರಂತೆ. ಕೊನೆಯಲ್ಲಿ ಒಂದೇ ಸಾಲು: "ತಮ್ಮ ನನ್ನ ಬಗ್ಗೆ ಏನು ಹೇಳುತ್ತಿದ್ದ, ದಯವಿಟ್ಟು ಬರೆಯಿರಿ."

ಮೂರು ದಿನ ಪೆನ್ನು ಹಿಡಿದು ಕೂತೆ. ಸುಳ್ಳು ಹೇಳಿದೆ ಎಂದು ಬರೆಯಲೇ? ಆ ಮುದುಕರು ಒಬ್ಬರೇ ಇರುವ ಮನೆಗೆ ಅಂಥ ಕಾಗದ ಕಳಿಸುವುದು ಹೇಗೆ? ನೀವಾದರೂ ಬಾಯಿಬಿಟ್ಟಿದ್ದರೆ... ಒಂದೇ ಒಂದು ಸಲ, ಸಿಗ್ನಲ್‌ನಲ್ಲಾದರೂ.

ಇವತ್ತು ಅವರಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆದು ಮುಗಿಸಿದೆ. ನೀವು ಚಿಕ್ಕವರಿದ್ದಾಗ ಅಣ್ಣ ನಿಮಗೆ ಸೈಕಲ್ ಕಲಿಸಿದರು, ಹಿಂದಿನಿಂದ ಹಿಡಿದುಕೊಂಡು ಓಡಿಬರುತ್ತಿದ್ದರು, ಒಂದು ದಿನ ಹೇಳದೆ ಕೈಬಿಟ್ಟರು, ನೀವು ಬಹಳ ದೂರ ಹೋದ ಮೇಲೆ ತಿರುಗಿ ನೋಡಿದಿರಿ ಎಂದು ಬರೆದಿದ್ದೇನೆ. ಅದು ನನ್ನ ಅಣ್ಣ ನನಗೆ ಮಾಡಿದ್ದು. ನಿಮ್ಮ ಊರಿನಲ್ಲೂ ಅಣ್ಣಂದಿರು ಹಾಗೇ ಮಾಡುತ್ತಾರೆಂದು ನಂಬಿಕೊಂಡಿದ್ದೇನೆ. ತಪ್ಪಾಗಿದ್ದರೆ ಕ್ಷಮಿಸಿ. ನಾಳೆ ಕೇಕೋ-ಸಾನ್ ಅದನ್ನು ಜಪಾನಿ ಭಾಷೆಗೆ ತಿರುಗಿಸಿ ಪೋಸ್ಟ್ ಮಾಡುತ್ತಾರೆ.

ನಿಮ್ಮ
ಅರುವಿನ್