ಲೇಸರಿಗೆ ಹೊದಿಸಿದ ಕಂಬಳಿ

ಕುಪವಾಡ, ನವೆಂಬರ್ ೧೪, ಶುಕ್ರವಾರ

ಕುರಿ ಕಾಯುವವರ ಮನೆಯ ಹುಡುಗ ಅಮೋಘಸಿದ್ಧ ಮೆರವಣಿಗೆಗಳಿಗೆ ಒಯ್ಯುವ ಲೇಸರ್ ಪ್ರೊಜೆಕ್ಟರ್ ಇವತ್ತು ಮತ್ತೆ ನನ್ನ ರಿಪೇರಿ ಮೇಜಿಗೇ ಬಂತು. ಮೆರವಣಿಗೆಯಲ್ಲಿ ಅದರ ಸ್ಕ್ಯಾನರ್ ಮೋಟರುಗಳು ಸುಡುವಷ್ಟು ಕಾದು ನಿಂತುಬಿಡುತ್ತವೆ. ಕನ್ನಡಿ ಅಲುಗಿಸುವ ಆ ಪುಟ್ಟ ಮೋಟರು ನಿಂತರೆ ಬೆಳಕು ಒಂದೇ ಕಡೆ ನಾಟುತ್ತದೆ. ಅಲ್ಲಿ ಯಾರದಾದರೂ ಕಣ್ಣಿದ್ದರೆ? ಆ ಯೋಚನೆಗೇ ಊಟ ಸೇರಲಿಲ್ಲ.

ಸಿಟ್ಟೂ ಬಂದಿತ್ತು. ನನ್ನ ಅಂಗಡಿಯಲ್ಲಿ ಎಷ್ಟು ಹೊತ್ತು ಓಡಿಸಿದರೂ ಅದು ಬಿಸಿಯಾಗುವುದೇ ಇಲ್ಲ. ಮೋಟರಿನ ಭಾರ ಇಳಿಸಲೆಂದು ವೇಗ ತಗ್ಗಿಸಿದೆ, ಚಿತ್ರ ಚಿಕ್ಕದು ಮಾಡಿದೆ, ಕಾರಣ ಮಾತ್ರ ತಿಳಿಯಲಿಲ್ಲ. ಕೊನೆಗೆ ಹಿಂದಿನ ಫ್ಯಾನಿನ ಜಾಳಿಗೆಯಲ್ಲಿ ಕರಿ ಉಣ್ಣೆಯ ಎಳೆಗಳು ಸಿಕ್ಕವು.

"ಇದನ್ನೂ ಕುರಿ ಕಾಯಾಕ ಹಚ್ಚೀಯೇನೋ?" ಅಂದೆ.

ಅಮೋಘಸಿದ್ಧ ಜೊತೆಗೆ ಬಂದಿದ್ದ ತಾಯಿ ಕೃಷ್ಣವ್ವನ ಮುಖ ನೋಡಿದ. ಜನ ತೂರುವ ಭಂಡಾರದ ಅರಿಷಿಣ ಮಷೀನಿನೊಳಗೆ ಹೋಗಬಾರದೆಂದು ಕೃಷ್ಣವ್ವ ತನ್ನ ಕಂಬಳಿಯನ್ನೇ ಅದಕ್ಕೆ ಹೊದಿಸುತ್ತಿದ್ದಳಂತೆ, ಬೆಳಕು ಬರುವ ಬಾಯಿಯಷ್ಟೇ ಬಿಟ್ಟು. ದೇವರೆಂದೇ ನಂಬಿದ ಆ ಕಂಬಳಿಯನ್ನು ಯಾರಾದರೂ ದಾಟಿದರೂ ಸಹಿಸದ ಹೆಂಗಸು ಆಕೆ. ಬೈಯುವುದು ಬಿಟ್ಟು ಮಷೀನಿನ ಬೆನ್ನನ್ನು ಆಕೆಯ ಕಡೆ ತಿರುಗಿಸಿದೆ.

"ಅವ್ವಾ, ಇದು ಇಲ್ಲಿಂದ ಉಸರಾಡತೈತಿ ನೋಡ್ರಿ," ಎಂದು ಫ್ಯಾನು ತೋರಿಸಿದೆ. ಆಕೆ ಅಂಗೈ ಹಿಡಿದು ಗಾಳಿ ನೋಡಿದಳು. ಮುಖ ಸಣ್ಣಗಾಯಿತು.

ಮಷೀನಿಗೆ ತಾಗದ ಹಾಗೆ ಕಂಬಳಿಯನ್ನು ಮೇಲೆ ಚಪ್ಪರದಂತೆ ಕಟ್ಟಿಕೊಳ್ಳಿ ಎಂದು ಹೇಳಿ ಕಳಿಸಿದೆ. ಈಗ ಮಲಗಬೇಕು, ಆದರೆ ಆಕೆ ಅಂದದ್ದೇ ಕಿವಿಯಲ್ಲಿದೆ:

"ಮರಿಗೆ ಹೊಚ್ಚುವಾಗ ಮೂಗ ಬಿಟ್ಟ ಹೊಚ್ಚತೇನಿ ತಮ್ಮಾ. ಇದರ ಮೂಗ ಬೆನ್ನಾಗ ಐತಿ ಅಂತ ಯಾರರ ಹೇಳಬ್ಯಾಡೇನು?"